ಹುತ್ರಿದುರ್ಗಕ್ಕೆ ಒಂದು ದಿನದ ನಡಿಗೆ: ಅಮ್ಮ, ಮಕ್ಕಳ ಜೊತೆ ಹೋಗಬಹುದಾ?

ಸಂಪಿಗೆಮರ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ಬೆಂಗಳೂರಿನಿಂದ ಆಚೆ ಒಂದು ದಿನ ಕಾಲಾಡಿಸಿ ಬರೋಣ ಅಂತಿದ್ದೇವೆ. ಸುಮ್ನೆ ಬೆಟ್ಟ ಹತ್ತಿ ಇಳಿಯುವುದು ಬೇಡ. ಹಳೇ ಕೋಟೆ ಇರಬೇಕು, ರಾಗಿ ಹೊಲ, ಹುಣಸೆ ಮರ ನೋಡುತ್ತ ನಡೆಯುವ ದಾರಿ ಇರಬೇಕು. ಒಬ್ಬರು ಸಾವನದುರ್ಗ ಅಂದರು, ಇನ್ನೊಬ್ಬರು ಹುತ್ರಿದುರ್ಗ ಅಂದರು.

ಅಮ್ಮನಿಗೆ ಅರವತ್ತಾರು. ದಿನಾ ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ, ಆದರೆ ಇಳಿಯುವಾಗ ಮಂಡಿ ನೋವು. ಮಕ್ಕಳಿಗೆ ಹನ್ನೆರಡು, ಎಂಟು. ಅಣ್ಣ ಅತ್ತಿಗೆಯೂ ಬರುತ್ತಾರೆ. ಇವರನ್ನೆಲ್ಲ ಕಟ್ಟಿಕೊಂಡು ಎಲ್ಲಿಗೆ ಹೋದರೆ ಸರಿ?

ಇನ್ನೊಂದು ಮಾತು. ಎಲ್ಲಿ ಹುಡುಕಿದರೂ ಬರೀ ಸೂರ್ಯೋದಯದ ಫೋಟೋ, ಡ್ರೋನ್ ವಿಡಿಯೋ. ಕೋಟೆಯ ಬಗ್ಗೆ ಯಾರೂ ನಾಲ್ಕು ಮಾತು ಹೇಳುವುದಿಲ್ಲ. ಚಿಕ್ಕವನು ಈಗಲೇ ಕೇಳುತ್ತಿದ್ದಾನೆ, "ಅಲ್ಲಿ ನಿಜವಾಗಲೂ ಯುದ್ಧ ಆಗಿತ್ತಾ?" ಅಂತ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬಂಡೆಹುಚ್ಚು
ಹುತ್ರಿದುರ್ಗ. ಎರಡು ಮಾತೇ ಇಲ್ಲ.

ಸೈಕಲ್ ಸವಾರ
ನಾನು ಸಾವನದುರ್ಗ ಅಂತೀನಿ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರಕ್ಕೆ ನಿಂತ ಒಂದೇ ಬಂಡೆ! ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದರೆ ಮೈ ಜುಮ್ಮೆನ್ನುತ್ತೆ. ಕೆಳಗೆ ವೀರಭದ್ರಸ್ವಾಮಿ ದೇವಸ್ಥಾನ, ನರಸಿಂಹಸ್ವಾಮಿ ದೇವಸ್ಥಾನ ಇವೆ. ಆಚೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ. ಇಷ್ಟೆಲ್ಲ ಒಂದೇ ಕಡೆ ಇನ್ನೆಲ್ಲಿ ಸಿಗುತ್ತೆ?

ಬಂಡೆಹುಚ್ಚು
ಸಾವನದುರ್ಗದ ಬಗ್ಗೆ ನನಗೂ ಬೇಕಾದಷ್ಟು ಪ್ರೀತಿ ಇದೆ ಸರ್. ಆದರೆ ಅವರು ಕೇಳಿದ್ದೇನು? ಮಂಡಿ ನೋವಿರುವ ಅಮ್ಮ, ಎಂಟು ವರ್ಷದ ಮಗು. ಸಾವನದುರ್ಗದಲ್ಲಿ ಜಾಸ್ತಿ ಹೊತ್ತು ಬರೀ ಬಂಡೆಯ ಮೇಲೇ ಹತ್ತಬೇಕು. ಹಿಡಿದುಕೊಳ್ಳಲು ಗಿಡವಿಲ್ಲ, ನೆರಳಿಲ್ಲ. ಒಂದು ಹನಿ ಮಳೆ ಬಿದ್ದರೂ ಜಾರುತ್ತೆ. ದಾರಿ ತಪ್ಪಿದವರೂ ಇದ್ದಾರೆ, ಬಿದ್ದು ಪ್ರಾಣ ಕಳೆದುಕೊಂಡವರೂ ಇದ್ದಾರೆ. ಹತ್ತಿದವರಿಗೆಲ್ಲ ಗೊತ್ತು, ಇಳಿಯುವಾಗಲೇ ನಿಜವಾದ ಕಷ್ಟ.

ಹುತ್ರಿದುರ್ಗದಲ್ಲಿ ಕೋಟೆ ಬಾಗಿಲಿನಿಂದ ಬಾಗಿಲಿಗೆ ಹತ್ತುತ್ತ ಹೋಗುತ್ತೀರಿ. ಸುಸ್ತಾದರೆ ಒಂದು ಬಾಗಿಲ ನೆರಳಲ್ಲಿ ಕೂರಬಹುದು. ಅಮ್ಮನಿಗೆ ಸಾಕು ಅನ್ನಿಸಿದರೆ ಮೂರನೇ ಬಾಗಿಲಿಗೇ ನಿಂತರೂ ಕೋಟೆ ನೋಡಿದ ಹಾಗಾಯಿತು. ಸಾವನದುರ್ಗದಲ್ಲಿ ಅರ್ಧಕ್ಕೆ ನಿಂತರೆ ಬಿಸಿಲಲ್ಲಿ ಕೂತಿರಬೇಕಷ್ಟೆ.

ಸೈಕಲ್ ಸವಾರ
ಹುತ್ರಿದುರ್ಗದಲ್ಲೂ ಮೇಲೆ ಹೋದ ಹಾಗೆ ಬರೀ ಬಂಡೆಯೇ ಅಲ್ವಾ? ಅದನ್ನೂ ಹೇಳಿ.

ಬಂಡೆಹುಚ್ಚು
ಹೌದು, ಮೇಲಿನ ಭಾಗ ಬಂಡೆಯೇ. ಕೆಲವು ಕಡೆ ಕಾಲಿಡಲು ಕಲ್ಲಲ್ಲೇ ಮೆಟ್ಟಿಲು ಕಡಿದಿದ್ದಾರೆ, ಇನ್ನು ಕೆಲವು ಕಡೆ ಇಲ್ಲ. ಆದರೂ ಅಷ್ಟು ಕಡಿದಲ್ಲ.

ಕುಣಿಗಲ್ಲಿನವನು
ನಮ್ಮ ತಾಲ್ಲೂಕಿನ ಕೋಟೆ, ಹಾಗಾಗಿ ಎರಡು ಮಾತು ನನ್ನಿಂದಲೂ ಇರಲಿ.

ಹುತ್ರಿದುರ್ಗ ತುಮಕೂರು ಜಿಲ್ಲೆ, ಕುಣಿಗಲ್ ತಾಲ್ಲೂಕು. ಬೆಂಗಳೂರಿನಿಂದ ಹೆಚ್ಚುಕಮ್ಮಿ 70 ಕಿಲೋಮೀಟರ್. ಮಾಗಡಿ ಮೇಲೆ ಬನ್ನಿ, ದಾರಿ ಚೆನ್ನಾಗಿದೆ. ಮಾಗಡಿವರೆಗೆ ಬಸ್ಸಿಗೆ ಕಷ್ಟವಿಲ್ಲ, ಅಲ್ಲಿಂದ ಮುಂದೆ ಬಸ್ಸು ಕಮ್ಮಿ. ಮನೆಯವರನ್ನು ಕರೆದುಕೊಂಡು ಬರುತ್ತಿದ್ದೀರಿ, ನಿಮ್ಮದೇ ಗಾಡಿ ಇದ್ದರೆ ಒಳ್ಳೆಯದು.

ಕಾರನ್ನು ಬೆಟ್ಟದ ಬುಡದವರೆಗೂ ನುಗ್ಗಿಸಬೇಡಿ. ಸಂತೆಪೇಟೆ ಕಡೆ ಊರ ಹೊರಗೆ ಎಲ್ಲಾದರೂ ನಿಲ್ಲಿಸಿ ನಡೆಯಿರಿ. ಕೆಳಗಿನ ಸುತ್ತಿನ ಕೋಟೆಯೊಳಗೆ ಈಗಲೂ ಮನೆಗಳಿವೆ, ದನ ಕಟ್ಟುತ್ತಾರೆ, ಅಂಗಳದಲ್ಲಿ ಕಾಳು ಒಣಗಿಸುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಸೂರ್ಯೋದಯ ನೋಡಬೇಕು ಅಂತ ಹಾಡು ಹಾಕಿಕೊಂಡು ಬರುವವರಿಂದ ಊರಿನವರಿಗೆ ನಿದ್ದೆ ಇಲ್ಲ. ನೀವು ಹಗಲು ಬನ್ನಿ. ದಾರಿ ಕೇಳಿ, ಎರಡು ಮಾತಾಡಿ. ಯಾವ ಮಳೆಗಾಲದಲ್ಲಿ ಯಾವ ಗೋಡೆ ಬಿತ್ತು ಅಂತ ಹೇಳುವ ಹಿರಿಯರು ಅಲ್ಲಿದ್ದಾರೆ.

ಮೇಲೆ ನೀರು ಸಿಗಲ್ಲ. ದೊಣೆಗಳಲ್ಲಿ, ಅಂದರೆ ಬಂಡೆ ಮೇಲಿನ ಗುಂಡಿಗಳಲ್ಲಿ, ನೀರು ಇರುತ್ತೆ, ಆದರೆ ಕುಡಿಯುವ ಹಾಗಿಲ್ಲ. ಒಬ್ಬೊಬ್ಬರಿಗೂ ಎರಡು ಲೀಟರ್ ಲೆಕ್ಕದಲ್ಲಿ ಹೊತ್ತುಕೊಳ್ಳಿ. ಮಂಗ ಇವೆ, ಚೀಲ ಬಿಚ್ಚಿಡಬೇಡಿ.

ಹೊಸಬ
ಚಿರತೆ ಇದೆ ಅಂತಾರಲ್ಲ, ನಿಜವಾ?

ಕುಣಿಗಲ್ಲಿನವನು
ಮಾಗಡಿ, ಕುಣಿಗಲ್ ಕಡೆಯ ಕುರುಚಲು ಕಾಡು, ಬಂಡೆಗಳೆಲ್ಲ ಚಿರತೆ ಓಡಾಡುವ ಜಾಗವೇ. ಕರಡಿಯೂ ಇದೆ. ಅದಕ್ಕೇ ಹೇಳಿದ್ದು, ಬೆಳಕಿದ್ದಾಗ ಹತ್ತಿ ಬೆಳಕಿದ್ದಾಗಲೇ ಇಳಿಯಿರಿ. ಚಿಕ್ಕ ಮಗುವನ್ನು ಮುಂದೆ ಓಡಲು ಬಿಡಬೇಡಿ. ಗುಂಪಾಗಿ ಹಗಲಲ್ಲಿ ಹೋದರೆ ಹೆದರುವಂಥದ್ದೇನಿಲ್ಲ.

ಮಾಗಡಿ ಮೇಷ್ಟ್ರು
ಯುದ್ಧ ಆಗಿತ್ತಾ ಅಂತ ನಿಮ್ಮ ಮಗ ಕೇಳಿದ್ದಾನಲ್ಲಮ್ಮ, ಆಗಿತ್ತು ಅಂತ ಧೈರ್ಯವಾಗಿ ಹೇಳಿ. ದಿನಾಂಕವೂ ಗೊತ್ತಿದೆ.

ಟಿಪ್ಪು ಸುಲ್ತಾನನಿಗೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಮೂರನೇ ಮೈಸೂರು ಯುದ್ಧದ ಕಾಲ. 1791ರ ಮಾರ್ಚ್ 21ಕ್ಕೆ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಅದೇ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಯಿತು. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕೊನೆಗೆ ದೊಡ್ಡ ಫಿರಂಗಿಗಳನ್ನು ತಾವೇ ಕೆಡಿಸಿ ಬೆಂಗಳೂರಿಗೆ ವಾಪಸಾದರು.

ಮುಂದಿನ ಸಲ ಹೋಗಬೇಕಾದರೆ ದಾರಿ ಭದ್ರವಾಗಿರಬೇಕು. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ನಮ್ಮ ಈ ಬೆಟ್ಟಗಳೇ ತುಂಬಿವೆ. ಒಂದೊಂದರ ಮೇಲೂ ಟಿಪ್ಪುವಿನ ಕಡೆಯ ಕಾವಲು. ಅವರು ಮೇಲಿರುವ ತನಕ ಕೆಳಗೆ ದವಸದ ಗಾಡಿ ನೆಮ್ಮದಿಯಾಗಿ ಸಾಗುವುದಿಲ್ಲ. ಹಾಗಾಗಿ ಒಂದೊಂದಾಗಿ ಹಿಡಿಯಲು ಹೊರಟರು. ಅಕ್ಟೋಬರ್ 19ಕ್ಕೆ ನಂದಿದುರ್ಗ, ಡಿಸೆಂಬರ್ 21ಕ್ಕೆ ಸಾವನದುರ್ಗ, ಮೂರೇ ದಿನ ಬಿಟ್ಟು 24ಕ್ಕೆ ಹುತ್ರಿದುರ್ಗ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ, ಮಾರ್ಚ್‌ನಲ್ಲಿ ಒಪ್ಪಂದ. ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು.

ಆ ಸೈನ್ಯದ ಜೊತೆ ರಾಬರ್ಟ್ ಹೋಮ್ ಅನ್ನುವ ಇಂಗ್ಲಿಷ್ ಚಿತ್ರಕಾರನೂ ಇದ್ದ. ಈ ದುರ್ಗಗಳ ಚಿತ್ರ ಬರೆದು 1794ರಲ್ಲಿ ಪ್ರಕಟಿಸಿದ. ಹುಡುಕಿ ಮಕ್ಕಳಿಗೆ ತೋರಿಸಿ. ಆಮೇಲೆ ಬೆಟ್ಟದ ಮುಂದೆ ನಿಂತು ಏನೇನು ಬದಲಾಗಿದೆ ಅಂತ ಕೇಳಿ. ಮಕ್ಕಳು ನಮಗಿಂತ ಚೆನ್ನಾಗಿ ಕಂಡುಹಿಡಿಯುತ್ತಾರೆ.

ನಾಡಪ್ರೇಮಿ
ಮೇಷ್ಟ್ರೇ, ಕೋಟೆ ಕಟ್ಟಿದವರ ಹೆಸರೇ ಹೇಳಲಿಲ್ಲ ನೀವು! ಇದು ನಾಡಪ್ರಭು ಕೆಂಪೇಗೌಡರ ಕೋಟೆ. 1537ರಲ್ಲಿ ಬೆಂಗಳೂರು ಕಟ್ಟಿದವರು. ಟಿಪ್ಪು, ಕಾರ್ನ್‌ವಾಲಿಸ್ ಎಲ್ಲ ಆಮೇಲೆ ಬಂದವರು.

ಮಾಗಡಿ ಮೇಷ್ಟ್ರು
ಒಪ್ಪಿದೆ. ಹುತ್ರಿದುರ್ಗ ಕೆಂಪೇಗೌಡರ ಕೋಟೆ ಅಂತಲೇ ಹೆಸರಾಗಿರುವುದು, ನಾನು ಮಾಗಡಿಯವನು, ಅದನ್ನು ಮರೆಯಲು ಸಾಧ್ಯವೇ ಇಲ್ಲ. 1638ರಲ್ಲಿ ಬಿಜಾಪುರದವರು ಬೆಂಗಳೂರು ಹಿಡಿದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೇ ಬಂದು ನೆಲೆ ನಿಂತಿತು. 1728ರಲ್ಲಿ ಮೈಸೂರಿನವರು ಮಾಗಡಿ, ಸಾವನದುರ್ಗ ಎರಡನ್ನೂ ಗೆದ್ದುಕೊಂಡರು. ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಈ ಕಥೆಯನ್ನೂ ಮಕ್ಕಳಿಗೆ ಹೇಳಲೇಬೇಕು.

ಆದರೆ ಇಡೀ ಕೋಟೆಯನ್ನು ಒಬ್ಬರ ಹೆಸರಿಗೆ ಬರೆಯಬೇಡಿ ಅನ್ನುವುದು ನನ್ನ ಮಾತು. ಪಾಳೇಗಾರರು ಕಟ್ಟಿದ್ದನ್ನು ಮೈಸೂರಿನವರು ಎತ್ತರಿಸುತ್ತಾರೆ. ಹೈದರ್, ಟಿಪ್ಪು ಕಾಲಕ್ಕೆ ಫಿರಂಗಿಗೆ ಬೇಕಾದ ಹಾಗೆ ತಿದ್ದುತ್ತಾರೆ. ನಮ್ಮ ಬೆಟ್ಟದ ಕೋಟೆಗಳೆಲ್ಲ ಬೆಳೆದಿರುವುದು ಹೀಗೇ. ಹತ್ತುತ್ತ ಗೋಡೆ ನೋಡಿ. ಕೆಳಗೆ ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ದೊಡ್ಡ ಗುಂಡುಗಳು, ಮೇಲ್ಗಡೆ ಇಟ್ಟಿಗೆ, ಗಾರೆ ಕಂಡರೆ ಎರಡೂ ಒಂದೇ ಕಾಲದ ಕೆಲಸವಾ ಅಂತ ಕೇಳಿಕೊಳ್ಳಿ.

ನಾಡಪ್ರೇಮಿ
ಸರಿ ಮೇಷ್ಟ್ರೇ. ಆದರೂ ಬುಡದಲ್ಲಿ ಕೆಂಪೇಗೌಡರ ಬಗ್ಗೆ ಓದುವ ಹಾಗೆ ಒಂದು ಒಳ್ಳೆ ಫಲಕ ಇರಬೇಕು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ, ದೊಡ್ಡ ಪ್ರತಿಮೆ ಇದೆ. ಅವರ ಕೋಟೆ ಮಾತ್ರ ಯಾರಿಗೂ ಬೇಡ.

ಅವರೆಕಾಳು
ಸಾವನದುರ್ಗದಲ್ಲಿ ಒಳಗಿನವರೇ ಯಾರೋ ಬಾಗಿಲು ತೆಗೆದರು, ಅದಕ್ಕೇ ಸೋತಿದ್ದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅದು ನಿಜವಾ ಮೇಷ್ಟ್ರೇ?

ಮಾಗಡಿ ಮೇಷ್ಟ್ರು
ಬಿದ್ದ ಕೋಟೆಗೆಲ್ಲ ಇಂಥ ಒಂದು ಕಥೆ ಇದ್ದೇ ಇರುತ್ತೆ. ಅಜ್ಜಿಯ ಕಥೆಯನ್ನು ಬರೆದಿಡಿ, ಕಳೆದುಹೋಗಬಾರದು. ಸಾವನದುರ್ಗ ಸೋತಿದ್ದು ಮಾತ್ರ ಫಿರಂಗಿಯಿಂದ. ಸುತ್ತ ಬಿದಿರು ಮೆಳೆ, ಜ್ವರದ ಕಾಡು, ಆ ಬೆಟ್ಟಕ್ಕೆ ಫಿರಂಗಿ ತರಲು ಆಗುವುದೇ ಇಲ್ಲ ಅಂತ ಒಳಗಿದ್ದವರ ನಂಬಿಕೆ. ಕಂಪನಿಯವರು ಕಾಡು ಕಡಿದು ದಾರಿ ಮಾಡಿ ಫಿರಂಗಿ ಎಳೆದು ತಂದರು. ಕೆಲವೇ ದಿನಗಳಲ್ಲಿ ಗೋಡೆ ಒಡೆದು ಕಿಂಡಿ ಬಿತ್ತು. ಆಮೇಲೆ ಹುತ್ರಿದುರ್ಗಕ್ಕೆ ಅಷ್ಟು ಹೊತ್ತೂ ಹಿಡಿಯಲಿಲ್ಲ.

ಬಾಣ, ಈಟಿ, ಕುದುರೆ, ಆನೆಯ ಕಾಲಕ್ಕೆ ಕಟ್ಟಿದ ಕೋಟೆಗಳು ಇವು. ಹತ್ತಿ ಬರುವವರ ಮೇಲೆ ಕಲ್ಲು ಉರುಳಿಸಿದರೂ ಸಾಕಿತ್ತು. ದೂರದಿಂದ ಹೊಡೆಯುವ ದೊಡ್ಡ ಫಿರಂಗಿ ಬಂದ ಮೇಲೆ ಬರೀ ಎತ್ತರ ಕಾಪಾಡಲಿಲ್ಲ.

ಕಲ್ಲುಕುಟಿಗನ ಮಗ
ನಮ್ಮಪ್ಪ ಬಂಡೆ ಕೆಲಸ ಮಾಡಿದವರು. ಹಾಗಾಗಿ ಕೋಟೆಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದೇ ಕಲ್ಲಿನ ಮೇಲೆ. ಮಕ್ಕಳಿಗೆ ತೋರಿಸಲು ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು ಗುಳಿ ಸಾಲು. ಗೋಡೆ ಹಾದುಹೋಗಿರುವ ಬಂಡೆಗಳ ಅಂಚಿನಲ್ಲಿ ಬೆರಳಗಲದ ಚೌಕದ ಗುಳಿಗಳು ಒಂದೇ ಗೆರೆಯಲ್ಲಿ ಕಾಣುತ್ತವೆ. ಉಳಿಯಲ್ಲಿ ಗುಳಿ ಹೊಡೆದು, ಒಂದೊಂದರಲ್ಲೂ ಬೆಣೆ ಇಟ್ಟು, ಸುತ್ತಿಗೆಯಲ್ಲಿ ಸರದಿ ಪ್ರಕಾರ ಬಡಿಯುತ್ತ ಹೋಗುತ್ತಾರೆ. ಒಂದಕ್ಕೇ ಜೋರಾಗಿ ಹೊಡೆದರೆ ಕಲ್ಲು ಅಡ್ಡಾದಿಡ್ಡಿ ಒಡೆಯುತ್ತೆ. ಎಲ್ಲಕ್ಕೂ ಸಮನಾಗಿ ಪೆಟ್ಟು ಬಿದ್ದರೆ ಹಲಗೆ ಸೀಳಿದ ಹಾಗೆ ನೇರವಾಗಿ ಬಿಡುತ್ತೆ. ಕೆಲವು ಕಡೆ ಗುಳಿ ಹೊಡೆದು ಹಾಗೇ ಬಿಟ್ಟಿರುತ್ತಾರೆ, ಕಲ್ಲು ಸೀಳಿರುವುದಿಲ್ಲ. ಅಂಥ ಜಾಗ ಸಿಕ್ಕರೆ ಮಕ್ಕಳ ಬೆರಳನ್ನು ಆ ಗುಳಿಯೊಳಗೆ ಇಡಿಸಿ. ಉಳಿ ಹೊಡೆದ ಗೀರು ಬೆರಳಿಗೆ ಸಿಗುತ್ತೆ.

ಎರಡನೆಯದು ಬಾಗಿಲ ಚೌಕಟ್ಟು. ಮರದ ಕದ ಈಗ ಇಲ್ಲ. ಆದರೆ ಕದ ತಿರುಗುತ್ತಿದ್ದ ಗುಂಡಿ ಹೊಸ್ತಿಲ ಕಲ್ಲಲ್ಲೂ ಮೇಲಿನ ತೊಲೆಯಲ್ಲೂ ಇರುತ್ತೆ. ಒಳಗೆ ಕೈ ಹಾಕಿದರೆ ಸುತ್ತಲೂ ನುಣ್ಣಗಾಗಿರುತ್ತೆ. ಅಕ್ಕಪಕ್ಕದ ಗೋಡೆಯಲ್ಲಿ ಅಗಳಿ ಹಾಕುವ ತೂತು ಹುಡುಕಿ. ಒಂದು ಕಡೆ ತೋಳು ಪೂರ್ತಿ ಹೋಗುವಷ್ಟು ಆಳ ಇದ್ದರೆ ಇನ್ನೊಂದು ಕಡೆ ಗೇಣು ಮಾತ್ರ. ಯಾಕೆ ಹಾಗೆ ಅಂತ ಮಕ್ಕಳನ್ನೇ ಕೇಳಿ. ಬಾಗಿಲು ತೆರೆದಿದ್ದಾಗ ಅಗಳಿಯ ತೊಲೆ ಪೂರ್ತಿ ಆ ಆಳದ ತೂತಿನೊಳಗೆ ಕೂತಿರಬೇಕು. ಹಾಕಬೇಕಾದಾಗ ಎಳೆದರೆ ತುದಿ ಎದುರಿನ ಗೇಣುದ್ದದ ತೂತಿಗೆ ಸೇರುತ್ತೆ. ಕೈ ಹಾಕುವ ಮುಂಚೆ ಒಂದು ಕಡ್ಡಿ ಆಡಿಸಿ, ಚೇಳು ಇರಬಹುದು.

ಸಂಪಿಗೆಮರ
ಇದನ್ನು ಓದಿ ದೊಡ್ಡವಳು ಟಾರ್ಚ್ ಬೇಕು ಅಂತ ಶುರು ಮಾಡಿದ್ದಾಳೆ. ತುಂಬಾ ಥ್ಯಾಂಕ್ಸ್ ಸರ್. ಬಾಗಿಲುಗಳು ಒಟ್ಟು ಎಷ್ಟು?

ಬಂಡೆಹುಚ್ಚು
ಎಂಟು ಅಂತಾರೆ. ಕೆಲವು ನೆಟ್ಟಗೆ ನಿಂತಿವೆ, ಕೆಲವು ಬಿದ್ದಿವೆ. ಯಾವ ಬಾಗಿಲೂ ನೇರವಾಗಿ ಮುಂದಿನದಕ್ಕೆ ಕಾಣದ ಹಾಗೆ ದಾರಿ ತಿರುಗುತ್ತಿರುತ್ತೆ, ಅದನ್ನು ಗಮನಿಸಿ. ಆನೆ ಓಡಿ ಬಂದು ಗುದ್ದಲು ಜಾಗವೇ ಸಿಗಬಾರದು ಅಂತ ಹಾಗೆ ಕಟ್ಟುತ್ತಿದ್ದರು. ನೀವು ತಿರುಗುವಾಗ ನಿಮ್ಮ ಪಕ್ಕೆ ಮೇಲಿನ ಕೊತ್ತಲಕ್ಕೆ ಕಾಣುತ್ತೆ.

ತುದಿಯಲ್ಲಿ ಶಂಕರೇಶ್ವರ ದೇವಸ್ಥಾನ, ಎದುರಿಗೆ ನಂದಿ. ಆಕಾಶ ತಿಳಿಯಾಗಿದ್ದರೆ ಸಾವನದುರ್ಗ, ಶಿವಗಂಗೆ, ಹುಲಿಯೂರುದುರ್ಗ ಎಲ್ಲ ಕಾಣುತ್ತವೆ. ಮೇಷ್ಟ್ರು ಹೇಳಿದ ಯುದ್ಧ ಅರ್ಥವಾಗುವುದು ಅಲ್ಲಿ ನಿಂತಾಗಲೇ.

ದೂರದೂರು
ನಾನು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿದ್ದೇನೆ, ಊರು ಹಾಸನ. ಇಲ್ಲಿ ಮನೆ ಹತ್ತಿರ ಮೇಡನ್ ಕಾಸಲ್ ಅಂತ ಒಂದು ಗುಡ್ಡದ ಕೋಟೆ ಇದೆ. ಕಬ್ಬಿಣ ಯುಗದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು. ಹೆಸರು ಕೇಳಿ ಅರಮನೆ ಹುಡುಕಬೇಡಿ. ಸುಣ್ಣಕಲ್ಲಿನ ಗುಡ್ಡವನ್ನು ಅಗೆದು ಮಾಡಿದ ಕಂದಕ, ಆ ಮಣ್ಣನ್ನೇ ಒಟ್ಟಿದ ದಿಬ್ಬ, ಮತ್ತೆ ಕಂದಕ, ಮತ್ತೆ ದಿಬ್ಬ. ಈಗ ಎಲ್ಲದರ ಮೇಲೂ ಹುಲ್ಲು. ಕುರಿ ಮೇಯುತ್ತಿರುತ್ತವೆ, ಜನ ನಾಯಿ ಕರೆದುಕೊಂಡು ನಡೆಯುತ್ತಾರೆ. ಟಿಕೆಟ್ ಇಲ್ಲ.

ಹೇಳಬೇಕು ಅನ್ನಿಸಿದ್ದು ಯಾಕೆ ಅಂದರೆ, ಅಲ್ಲಿ 1934ರಿಂದ 37ರವರೆಗೆ ಅಗೆತ ಮಾಡಿಸಿದವರು ಮಾರ್ಟಿಮರ್ ವೀಲರ್. ಅವರೇ ಆಮೇಲೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದು 1947ರಲ್ಲಿ ನಮ್ಮ ಚಿತ್ರದುರ್ಗದ ಕಡೆ ಬ್ರಹ್ಮಗಿರಿ, ಚಂದ್ರವಳ್ಳಿಯಲ್ಲಿ ಅಗೆಸಿದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೇ ಅಶೋಕನ ಶಾಸನ ಇರುವುದು. ಈ ಗುಡ್ಡದ ಮೇಲೆ ನಿಂತಾಗಲೆಲ್ಲ ಅದು ನೆನಪಾಗಿ ಖುಷಿಯಾಗುತ್ತೆ.

ಮೇಷ್ಟ್ರ ಮಾತಿಗೆ ಹೊಂದುವ ಇನ್ನೊಂದು ವಿಷಯ. ಇಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ನೋಡಿ, ರೋಮನ್ನರು ಕೋಟೆಗೆ ನುಗ್ಗಿ ಕೊಂದವರು ಇವರು ಅಂತ ವೀಲರ್ ದೊಡ್ಡ ಕಥೆ ಬರೆದರು. ಬಹಳ ಕಾಲ ಎಲ್ಲರೂ ಅದನ್ನೇ ನಂಬಿದರು. ಆಮೇಲೆ ಮತ್ತೆ ಪರೀಕ್ಷೆ ಮಾಡಿದವರು ಒಂದೇ ದಿನದ ಹತ್ಯಾಕಾಂಡ ಅನ್ನಲು ಆಧಾರ ಸಾಲದು ಅಂದರು. ಕೋಟೆಯ ಕಥೆಗಳನ್ನು ಎಲ್ಲ ಕಡೆಯೂ ಹೀಗೆ ಮತ್ತೆ ಮತ್ತೆ ಕೆದಕಿ ನೋಡಬೇಕಾಗುತ್ತೆ.

ಹೊಸಬ
ಅಲ್ಲಿ ಎಲ್ಲ ಎಷ್ಟು ಚೊಕ್ಕಟ! ನಮ್ಮವರಿಗೆ ಬುದ್ಧಿ ಬರುವುದು ಯಾವಾಗ?

ದೂರದೂರು
ಹಾಗೆ ಹೇಳಬೇಡಿ. ಇಲ್ಲೂ ರಾತ್ರಿ ಹೊತ್ತು ಲೋಹ ಹುಡುಕುವ ಯಂತ್ರ ತಂದು ಸ್ಮಾರಕಗಳನ್ನು ಅಗೆಯುವ ಕಳ್ಳರಿದ್ದಾರೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಆ ಯಂತ್ರ ಬಳಸುವುದೇ ಅಪರಾಧ ಅಂತ 1979ರ ಕಾನೂನಿನಲ್ಲಿದೆ. ಆದರೂ ನಿಂತಿಲ್ಲ.

ಕುಣಿಗಲ್ಲಿನವನು
ನಿಧಿ ಮಾತು ಬಂತಲ್ಲ, ಹೊಟ್ಟೆ ಉರಿಯುವುದು ಅಲ್ಲೇ. ಹಾಳು ಕೋಟೆ, ಹಾಳು ಗುಡಿ ಕಂಡರೆ ಸಾಕು, ನಂದಿ ಕೆಳಗೆ ಬಂಗಾರ ಇದೆ ಅಂತ ಯಾರೋ ಹೇಳುತ್ತಾರೆ, ಯಾರೋ ನಂಬುತ್ತಾರೆ. ಅಮಾವಾಸ್ಯೆ ರಾತ್ರಿ ಬಂದು ಹಾರೆ ಹಾಕುತ್ತಾರೆ. ನಮ್ಮ ರಾಜ್ಯದಲ್ಲಿ ಈ ಕಾಯಿಲೆ ಇಲ್ಲದ ತಾಲ್ಲೂಕೇ ಇಲ್ಲ. ನೂರಾರು ವರ್ಷ ಮಳೆ ಬಿಸಿಲಿಗೆ ಜಗ್ಗದ ನಂದಿ ಒಂದು ರಾತ್ರಿಯಲ್ಲಿ ಎರಡು ತುಂಡಾಗಿರುತ್ತೆ. ಅಲ್ಲಿ ಸಿಗುವುದು ಮಣ್ಣು. ಬಂಗಾರ ಸಿಕ್ಕರೂ ಅವರದ್ದಾಗುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನೇ ಇದೆ.

ಹೊಸದಾಗಿ ಅಗೆದ ಗುಂಡಿ, ಅರಿಶಿನ ಕುಂಕುಮ, ಕೊಯ್ದ ನಿಂಬೆಹಣ್ಣು ಕಂಡರೆ ಸುಮ್ನೆ ಬರಬೇಡಿ. ಫೋಟೋ ತೆಗೆದು, ಕೆಳಗೆ ಊರಿನವರಿಗೆ ಹೇಳಿ, 112ಕ್ಕೆ ಫೋನ್ ಮಾಡಿ.

ಅವರೆಕಾಳು
ಅದಷ್ಟೇ ಅಲ್ಲ, ಗೋಡೆ ಮೇಲೆ ಹೆಸರು ಬರೆಯುವವರು. ಬಾಣದ ಗುರುತಿನ ಹೃದಯ, ಪಕ್ಕದಲ್ಲಿ ಎರಡು ಅಕ್ಷರ, ಅದೂ ಎಣ್ಣೆ ಬಣ್ಣದಲ್ಲಿ. ಉಜ್ಜಿದರೂ ಹೋಗಲ್ಲ.

ಜಯನಗರದ ಅಜ್ಜಿ
ನಾನೂ ಒಂದು ಮಾತು ಹೇಳಲಾ? ಒಂದು ಟ್ರೆಕ್ಕಿಂಗ್ ತಂಡದ ಜೊತೆ ಹೋಗಿದ್ದೆ, ಹೆಸರು ಬೇಡ. ಐವತ್ತು ಜನರನ್ನು ಕುರಿ ಹಿಂಡಿನ ಹಾಗೆ ಹತ್ತಿಸಿದರು. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರೆ "ಆಂಟಿ, ಬೇಗ ಬೇಗ" ಅಂತ ಅವಸರ. ತುದಿಯಲ್ಲಿ ಗ್ರೂಪ್ ಫೋಟೋ, ಪೇಪರ್ ತಟ್ಟೆಯಲ್ಲಿ ಉಪ್ಪಿಟ್ಟು. ತಟ್ಟೆಗಳನ್ನು ಬಂಡೆ ಸಂದಿಗೆ ತುರುಕಿ ಇಳಿದರು. ನಾನು ಮತ್ತು ಇನ್ನೊಬ್ಬಾಕೆ ಆಯ್ದು ಚೀಲಕ್ಕೆ ತುಂಬಿಕೊಂಡು ತಂದೆವು.

ಸಂಪಿಗೆಮರ, ನಿಮ್ಮ ಅಮ್ಮನಿಗೆ ನನಗಿಂತ ಚಿಕ್ಕ ವಯಸ್ಸು. ಖಂಡಿತ ಕರೆದುಕೊಂಡು ಹೋಗಿ. ಒಳ್ಳೆ ಹಿಡಿತದ ಶೂ ಇರಲಿ, ಚಪ್ಪಲಿ ಬೇಡ. ಒಂದು ಕೋಲು ಕೊಡಿ. ಇಳಿಯುವಾಗ ಬಂಡೆ ಮೇಲೆ ನೇರವಾಗಿ ಬರಬೇಡಿ, ಅಡ್ಡಡ್ಡ ಹೆಜ್ಜೆ ಹಾಕಿ. ಕಡಿದಾದ ಕಡೆ ನಾಚಿಕೆ ಬಿಟ್ಟು ಕೂತು ಜಾರಿ. ಮಂಡಿಗೆ ಪಟ್ಟಿ ಕಟ್ಟಿಕೊಳ್ಳುವ ಅಭ್ಯಾಸ ಇದ್ದರೆ ಹತ್ತುವ ಮುಂಚೆಯೇ ಕಟ್ಟಿಕೊಳ್ಳಲಿ.

ಸೈಕಲ್ ಸವಾರ
ಇಷ್ಟೆಲ್ಲ ಕಷ್ಟ ಯಾಕೆ? ಬುಡದಿಂದ ಮೆಟ್ಟಿಲು, ಕಂಬಿ, ನೀರಿನ ನಲ್ಲಿ, ಟಿಕೆಟ್ ಇಟ್ಟುಬಿಟ್ಟರೆ ವಯಸ್ಸಾದವರೂ ಹತ್ತಬಹುದು, ಕಾವಲೂ ಆಗುತ್ತೆ. ನಂದಿಬೆಟ್ಟಕ್ಕೆ ರೋಪ್‌ವೇ ಮಾಡುತ್ತೇವೆ ಅಂತ 2023ರಲ್ಲಿ ಶಂಕುಸ್ಥಾಪನೆಯೂ ಆಯಿತಲ್ಲ.

ಕಲ್ಲುಕುಟಿಗನ ಮಗ
ಕಂಬಿ ನೆಡಲು ಬಂಡೆಗೆ ಡ್ರಿಲ್ ಹೊಡೆಯಬೇಕು. ಯಾರು ಹೊಡೆಯುತ್ತಾರೆ? ಕಡಿಮೆ ಬೆಲೆಗೆ ಟೆಂಡರ್ ಹಿಡಿದವರು. ಹಳೇ ಮೆಟ್ಟಿಲ ಮೇಲೆ ಸಿಮೆಂಟ್ ಸುರಿಯುತ್ತಾರೆ, ಗಾರೆ ಗೋಡೆಗೆ ಸಿಮೆಂಟ್ ಮೆತ್ತುತ್ತಾರೆ. ಗಾರೆಗೆ ಸಿಮೆಂಟ್ ಒಗ್ಗುವುದಿಲ್ಲ. ಒಳಗೆ ಹೋದ ನೀರು ಹೊರಗೆ ಬರಲಾಗದೆ ಹಳೇ ಗೋಡೆಯೇ ಉದುರುತ್ತೆ. ಎಷ್ಟು ಕಡೆ ನೋಡಿಲ್ಲ ನಾವು! ರಿಪೇರಿ ಆಗಲೇಬೇಕು, ಆದರೆ ಸುಣ್ಣ, ಮರಳು ಬಳಸುವುದು ಗೊತ್ತಿದ್ದವರಿಂದ ಆಗಬೇಕು.

ಸೈಕಲ್ ಸವಾರ
ಅಂದರೆ ಹತ್ತಲಾಗದವರು ಮನೆಯಲ್ಲಿರಬೇಕು ಅಂತಲಾ?

ಜಯನಗರದ ಅಜ್ಜಿ
ನಾನು ಹತ್ತಲಾಗದ ವಯಸ್ಸಿಗೇ ಹತ್ತಿರ ಇದ್ದೀನಿ ತಮ್ಮ, ಆದರೂ ರೋಪ್‌ವೇ ಬೇಡ ಅಂತೀನಿ. ಕೆಳಗಿನ ಸುತ್ತಿನಲ್ಲಿ ಕೂರಲು ಒಂದು ಕಟ್ಟೆ, ಹೆಂಗಸರಿಗೆ ಒಂದು ಶೌಚಾಲಯ, ಕುಡಿಯಲು ನೀರು. ಇಷ್ಟಾದರೆ ಸಾಕು. ಕೆಳಗಿನ ಕೋಟೆಯೇ ನೋಡಿ ಮುಗಿಯುವುದಿಲ್ಲ.

ಕುಣಿಗಲ್ಲಿನವನು
ಶೌಚಾಲಯದ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಊರಿನವರೂ ಅದನ್ನೇ ಕೇಳುವುದು. ಬಂದವರೆಲ್ಲ ಹೊಲದ ಬದುವಿನಲ್ಲಿ ಕೂರುತ್ತಾರೆ. ಟಿಕೆಟ್ ಇಡುವುದಾದರೆ ಆ ದುಡ್ಡು ಪಂಚಾಯಿತಿಗೆ ಬರಲಿ, ಊರಿನ ನಾಲ್ಕು ಹುಡುಗರಿಗೆ ದಾರಿ ತೋರಿಸುವ ಕೆಲಸ ಸಿಗಲಿ.

ಹೊಸಬ
ಈಗ ಅನುಮತಿ ಬೇಕಾ? ಆನ್‌ಲೈನ್ ಬುಕಿಂಗ್ ಅಂತ ಕೇಳಿದ್ದೆ.

ಬಂಡೆಹುಚ್ಚು
ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಥರದ ಕಡೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆ. ನಿಯಮ ಬದಲಾಗುತ್ತಿರುತ್ತೆ. ಯಾವ ಬೆಟ್ಟಕ್ಕೇ ಆಗಲಿ, ಹೊರಡುವ ಹಿಂದಿನ ದಿನ ಇಲಾಖೆಯ ಜಾಲತಾಣ ನೋಡಿಯೇ ಹೊರಡಿ.

ಅವರೆಕಾಳು
ಊಟದ ಮಾತೇ ಯಾರೂ ಎತ್ತಿಲ್ಲ! ಡಿಸೆಂಬರ್, ಜನವರಿಯಲ್ಲಿ ಹೋದರೆ ವಾಪಸ್ ಬರುವಾಗ ಮಾಗಡಿ ಕಡೆ ಅವರೆಕಾಯಿ ಕೊಳ್ಳದೆ ಬರಬೇಡಿ. ರಸ್ತೆ ಬದಿಯಲ್ಲೇ ರಾಶಿ ಹಾಕಿರುತ್ತಾರೆ. ಮೂಸಿ ನೋಡಿ, ಸೊಗಡು ಕೈಗೆ ಅಂಟಬೇಕು. ರಾತ್ರಿ ಹಿತಕವರೆ ಸಾರು, ಮುದ್ದೆ.

ದೂರದೂರು
ದಯವಿಟ್ಟು ನಿಲ್ಲಿಸಿ, ಇಲ್ಲಿ ಸೊಗಡವರೆ ಸಿಗಲ್ಲ.

ನಾಡಪ್ರೇಮಿ
ಬೆಟ್ಟದ ಮೇಲೆ ತಿನ್ನಲು ಚಿತ್ರಾನ್ನ ಒಳ್ಳೆಯದಾ, ಮೊಸರನ್ನವಾ?

ಜಯನಗರದ ಅಜ್ಜಿ
ಮೊಸರನ್ನ. ಹಾಲು ಜಾಸ್ತಿ ಹಾಕಿ ಕಲೆಸಿ, ಮೊಸರು ಒಂದೇ ಚಮಚ. ಮಧ್ಯಾಹ್ನಕ್ಕೆ ಹದವಾಗಿರುತ್ತೆ, ಹುಳಿ ಬರಲ್ಲ. ಜೊತೆಗೆ ಸೌತೆಕಾಯಿ ಹೋಳು. ಚಿತ್ರಾನ್ನ ತಿಂದರೆ ಬಾಯಾರಿಕೆ.

ನಿರ್ವಾಹಕ
ಅಡುಗೆ ಮಾತು ಅಡುಗೆ ವಿಭಾಗದಲ್ಲಿ ಮುಂದುವರಿಸಿ. ಇಲ್ಲಿ ಕೋಟೆ, ದಾರಿ, ನಡಿಗೆ ಬಗ್ಗೆ ಇರಲಿ.

ಮಾಗಡಿ ಮೇಷ್ಟ್ರು
ಸಾವನದುರ್ಗದ ಪರವಾಗಿ ಒಂದು ಮಾತು ಬಾಕಿ ಇದೆ, ಸೈಕಲ್ ಸವಾರರಿಗೆ ಖುಷಿಯಾಗಲಿ. ಹೊಯ್ಸಳ ಮೂರನೇ ಬಲ್ಲಾಳನ ಕಾಲದ 1340ರ ಶಾಸನದಲ್ಲೇ ಆ ಬೆಟ್ಟದ ಹೆಸರಿದೆ. ಆ ಸುತ್ತಮುತ್ತ ಬೃಹತ್ ಶಿಲಾಯುಗದ ಸಮಾಧಿ ಗಡಿಗೆಗಳೂ ಸಿಕ್ಕಿವೆ. ಅಂದರೆ ಕೋಟೆಗೂ ಎಷ್ಟೋ ಮೊದಲು ಅಲ್ಲಿ ಜನ ಬದುಕಿದ್ದರು, ತಮ್ಮವರನ್ನು ಮಣ್ಣು ಮಾಡಿದ್ದರು. ಇನ್ನು ಬಂಡೆಯಂತೂ ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ಮಕ್ಕಳು ಇನ್ನೂ ಸ್ವಲ್ಪ ದೊಡ್ಡವರಾದ ಮೇಲೆ ಅದನ್ನೂ ಹತ್ತಿಸಿ.

ಸೈಕಲ್ ಸವಾರ
ಇದನ್ನು ಮೊದಲೇ ಹೇಳಬಾರದಿತ್ತಾ ಮೇಷ್ಟ್ರೇ! ಸರಿ, ಸಂಪಿಗೆಮರ ಅವರು ಈ ಸಲ ಹುತ್ರಿದುರ್ಗಕ್ಕೇ ಹೋಗಲಿ. ವಾಪಸ್ ಬರುವಾಗ ಹೊತ್ತಿದ್ದರೆ ಸಾವನದುರ್ಗದ ಬುಡದವರೆಗಾದರೂ ಹೋಗಿ ಕತ್ತೆತ್ತಿ ನೋಡಿ ಬನ್ನಿ.

ಸಂಪಿಗೆಮರ
ಎಲ್ಲರಿಗೂ ಮನಸಾರೆ ಧನ್ಯವಾದ. ಹುತ್ರಿದುರ್ಗ ಅಂತ ತೀರ್ಮಾನ ಆಯಿತು. ಮನೆಯಿಂದ ಆರಕ್ಕೆ ಹೊರಟು ಎಂಟರೊಳಗೆ ಸಂತೆಪೇಟೆಯಲ್ಲಿರುತ್ತೇವೆ. ಅಮ್ಮ ಮತ್ತು ಅತ್ತಿಗೆ ಕೆಳಗಿನ ಬಾಗಿಲುಗಳನ್ನು ನಿಧಾನವಾಗಿ ನೋಡಲಿ, ಆಗುವಷ್ಟು ಹತ್ತಲಿ. ನಾನು, ಅಣ್ಣ, ಮಕ್ಕಳು ತುದಿಗೆ. ಚಿಕ್ಕವನು 21, 24 ಅಂತ ದಿನಾಂಕ ಬಾಯಿಪಾಠ ಮಾಡಿದ್ದಾನೆ. ಕಸಕ್ಕೆ ಒಂದು ಖಾಲಿ ಚೀಲ ಇಟ್ಟುಕೊಳ್ಳುತ್ತೇವೆ, ನಮ್ಮದಲ್ಲದ ಕಸಕ್ಕೂ. ಒಂದೇ ಅನುಮಾನ: ಹಿಂದಿನ ದಿನ ಮಳೆ ಬಂದರೆ?

ಕುಣಿಗಲ್ಲಿನವನು
ಹಿಂದಿನ ದಿನ ಬಂದರೆ ಬಂಡೆ ಒಣಗಿರುತ್ತೆ, ಪಾಚಿ ಇರುವ ಕಡೆ ಮಾತ್ರ ಹುಷಾರು. ಕಪ್ಪಗೆ ಕಾಣುವ ಕಡೆ ಕಾಲಿಡಬೇಡಿ, ಬೆಳ್ಳಗೆ ಒರಟಾಗಿರುವ ಕಡೆ ಇಡಿ. ಹತ್ತುವಾಗಲೇ ಮೋಡ ಕಟ್ಟಿದರೆ ತುದಿ ಆಸೆ ಬಿಟ್ಟು ಇಳಿಯಿರಿ, ಬೋಳು ಬಂಡೆ ಮೇಲೆ ಸಿಡಿಲಿಗೆ ನಿಲ್ಲಬಾರದು. ಹತ್ತುವ ಮುಂಚೆ ಕೆಳಗಿನ ಯಾವುದಾದರೂ ಮನೆಯಲ್ಲಿ ಎಷ್ಟು ಜನ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೇಳಿಟ್ಟು ಹೋಗಿ. ತಡವಾದರೆ ಅವರೇ ಹುಡುಕಿಕೊಂಡು ಬರುತ್ತಾರೆ.